ಸ್ಪಷ್ಟನೆ: ಕಾಸ್ಟ್ ಬೇರೆ, ಆಫ್‌ಟೈಪ್ ಬೇರೆ

ದಾವಣಗೆರೆಯ ಇಂಜಿನಿಯರಿಂಗ್ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ನೋಟ್ಸ್ ಓಡಾಡುತ್ತಿದೆ. ಸಿ ಶಾರ್ಪ್ (C#) ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲಿಸ್ಟಿನಿಂದ ಒಂದು ಸಬ್‌ಕ್ಲಾಸ್‌ನ (ಇನ್ನೊಂದು ಕ್ಲಾಸಿನ ಕೆಳಗೆ ಬರುವ ಕ್ಲಾಸಿನ) ಆಬ್ಜೆಕ್ಟ್‌ಗಳನ್ನಷ್ಟೇ ಹೆಕ್ಕಲು ಕಾಸ್ಟ್ (Cast) ಅನ್ನೋ ಮೆಥಡ್ ಬಳಸಿದರೂ ಒಂದೇ, ಆಫ್‌ಟೈಪ್ (OfType) ಬಳಸಿದರೂ ಒಂದೇ ಅಂತ ಅದರಲ್ಲಿದೆ. ಇದು ತಪ್ಪು. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ತಿಂಡಿ ಅನ್ನೋ ಕ್ಲಾಸ್ ಇದೆ, ಅದರ ಕೆಳಗೆ ದೋಸೆ ಮತ್ತು ಮಂಡಕ್ಕಿ, ದೋಸೆಯ ಕೆಳಗೆ ಬೆಣ್ಣೆದೋಸೆ ಅಂತ ಇಟ್ಟುಕೊಳ್ಳಿ. ಲಿಸ್ಟಿನಲ್ಲಿ ಎಲ್ಲಾ ಬೆರೆತಿವೆ. ಆಫ್‌ಟೈಪ್‌ಗೆ ದೋಸೆ ಅಂತ ಕೊಟ್ಟರೆ ಮಂಡಕ್ಕಿಯನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ, ನಲ್ (null, ಅಂದರೆ ಆಬ್ಜೆಕ್ಟೇ ಇಲ್ಲದ ಖಾಲಿ ಜಾಗ) ಇದ್ದರೆ ಅದನ್ನೂ ಬಿಡುತ್ತದೆ. ಕಾಸ್ಟ್ ಸೋಸುವುದೇ ಇಲ್ಲ. ಮೊದಲ ಮಂಡಕ್ಕಿ ಸಿಕ್ಕ ಕೂಡಲೇ ಇನ್‌ವ್ಯಾಲಿಡ್ ಕಾಸ್ಟ್ ಎಕ್ಸೆಪ್ಶನ್ ಅನ್ನೋ ಎರರ್ ಕೊಟ್ಟು ನಿಲ್ಲುತ್ತದೆ, ಅದೂ ಕಾಸ್ಟ್ ಬರೆದ ಸಾಲಿನಲ್ಲೇ ಅಲ್ಲ, ಮುಂದೆಲ್ಲೋ ಒಂದೊಂದನ್ನೇ ತೆಗೆದುಕೊಳ್ಳುವ ಫಾರ್‌ಈಚ್ ಲೂಪ್ ಓಡುವಾಗ, ಹಾಗಾಗಿ ತಪ್ಪು ಹುಡುಕೋರಿಗೆ ತಲೆನೋವು ಜಾಸ್ತಿ.

ಆಫ್‌ಟೈಪ್ ನಾವು ಹೇಳಿದ ಕ್ಲಾಸನ್ನು ಮಾತ್ರ ಕೊಡುತ್ತದೆ ಅಂತಲೂ ಅದೇ ನೋಟ್ಸಿನಲ್ಲಿದೆ. ಇಲ್ಲ, ಬೆಣ್ಣೆದೋಸೆಯೂ ಬರುತ್ತದೆ. ಅದೂ ದೋಸೆಯೇ ಅಲ್ವಾ? ಒಂದು ಆಬ್ಜೆಕ್ಟ್ ಯಾವ ಕ್ಲಾಸಿನದು ಅಂತ ನೋಡುವ ಪೈಥಾನ್‌ನ ಇಸ್‌ಇನ್‌ಸ್ಟೆನ್ಸ್, ಜಾವಾದ ಇನ್‌ಸ್ಟೆನ್ಸ್‌ಆಫ್ ಕೂಡ ಹೀಗೇ. ಬರೀ ಸಾದಾ ದೋಸೆ ಬೇಕಿದ್ದರೆ ಷರತ್ತು ಹಾಕಿ ಸೋಸುವ ವೇರ್ (Where) ಒಳಗೆ, ಆಬ್ಜೆಕ್ಟಿನ ನಿಜವಾದ ಕ್ಲಾಸ್ ಹೇಳುವ ಗೆಟ್‌ಟೈಪ್ (GetType) ಹೋಲಿಸಬೇಕು, ಆಗ ನಲ್‌ಗಳನ್ನು ನೀವೇ ಮೊದಲು ತೆಗೆದಿರಬೇಕು.