ಪೆನ್ಸಿಲ್ ಮಗುವಿನ ಕೈಯಲ್ಲೇ ಇರಲಿ

ಮೂರು ವರ್ಷದಿಂದ ನಮ್ಮ ಬೀದಿಯ ಐದಾರು ಮಕ್ಕಳು ಸಂಜೆ ಆರೂವರೆಗೆ ಬ್ಯಾಗು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಇದು ಟ್ಯೂಷನ್ ಅಲ್ಲ, ಫೀಸೂ ಇಲ್ಲ. ಅವರು ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಹೋಂವರ್ಕ್ ಮಾಡುತ್ತಾರೆ, ನಾನು ಜೊತೆಗೆ ಕೂತಿರುತ್ತೇನೆ. ಮೊನ್ನೆ ಅಲ್ಲಿ ನಡೆದ ಒಂದು ಸಣ್ಣ ವಿಷಯ ಇಲ್ಲಿ ಹೇಳಲೇಬೇಕು ಅನ್ನಿಸಿತು.

ಮೂರನೇ ಕ್ಲಾಸಿನ ಒಬ್ಬ ಹುಡುಗ. ಅವನಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ಹೂವಿನ ಅಂಗಡಿ ಇಟ್ಟಿದ್ದಾರೆ. ಅವತ್ತು ಅವನಿಗೆ ಕಳೆಯುವ ಲೆಕ್ಕ ಹತ್ತು ಕೊಟ್ಟಿದ್ದರು. ಬೇಗ ಬೇಗ ಮಾಡಿ ಮುಗಿಸಿ ಪುಸ್ತಕ ನನ್ನ ಮುಂದೆ ಇಟ್ಟ. ಮೊದಲ ನಾಲ್ಕು ಸರಿ. ಐದನೆಯದರಿಂದ ಹತ್ತರವರೆಗೆ ಆರೂ ತಪ್ಪು. ಐದನೇ ಲೆಕ್ಕ 503ರಲ್ಲಿ 267 ಕಳೆಯುವುದು. ಅವನು ಬರೆದ ಉತ್ತರ 364.

ನಾನು ಏನು ಮಾಡಬಹುದಿತ್ತು? 'ತಪ್ಪು ಕಣೋ, 236 ಬರೆ' ಅಂದಿದ್ದರೆ ಎರಡು ನಿಮಿಷದಲ್ಲಿ ಆರೂ ಲೆಕ್ಕ ಸರಿಯಾಗುತ್ತಿತ್ತು. ಹಾಗೆ ಮಾಡಲಿಲ್ಲ. 'ಇದನ್ನ ಹೇಗೆ ಮಾಡಿದೆ ಅಂತ ನಂಗೆ ಹೇಳಿಕೊಡು' ಅಂದೆ.

'ಮೂರರಲ್ಲಿ ಏಳು ಹೋಗಲ್ಲ ಆಂಟಿ. ಅದಕ್ಕೆ ಏಳರಲ್ಲಿ ಮೂರು ಕಳೆದೆ. ಸೊನ್ನೆಯಲ್ಲಿ ಆರು ಹೋಗಲ್ಲ. ಅದಕ್ಕೆ ಆರನ್ನೇ ಕೆಳಗೆ ಬರೆದೆ.'

ಅವನು ಗಮನ ಕೊಡದೆ ಮಾಡಿದ್ದಲ್ಲ, ಸೋಮಾರಿತನವೂ ಅಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ತನಗೆ ತಾನೇ ಒಂದು ನಿಯಮ ಮಾಡಿಕೊಂಡಿದ್ದಾನೆ. ಆ ನಿಯಮವನ್ನು ಹತ್ತೂ ಲೆಕ್ಕಕ್ಕೆ ನಿಯತ್ತಾಗಿ ಹಾಕಿದ್ದಾನೆ. ಮೊದಲ ನಾಲ್ಕರಲ್ಲಿ ಮೇಲಿನ ಅಂಕಿಗಳೇ ದೊಡ್ಡವಾಗಿದ್ದವು, ಹಾಗಾಗಿ ಸರಿ ಬಂತು. ಕಳೆಯುವ ಲೆಕ್ಕ ಕಲಿಯುವ ಎಷ್ಟೋ ಮಕ್ಕಳು ಮಾಡುವ ತಪ್ಪು ಇದು. ಉತ್ತರ ತಿದ್ದಿದರೆ ಹೋಗುವುದಿಲ್ಲ. ಆ ನಿಯಮ ತಲೆಯಿಂದ ಹೋಗಬೇಕು.

ಒಳಗಿನಿಂದ ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ ತಂದು ಅವನಿಗೆ ಕೊಟ್ಟೆ. ಚಿಲ್ಲರೆ ಡಬ್ಬಿ ನನ್ನ ಹತ್ತಿರ ಇಟ್ಟುಕೊಂಡೆ. 'ನೀನು ಅಂಗಡಿಯವನು, ನಾನು ಗಿರಾಕಿ. ನಂಗೆ 267 ರೂಪಾಯಿ ವಾಪಸ್ ಕೊಡಬೇಕು, ಕೊಡು' ಅಂದೆ. ಎರಡು ನೂರರ ನೋಟು ತಕ್ಷಣ ಕೊಟ್ಟ. ಅರವತ್ತು ಕೊಡಬೇಕು, ಹತ್ತರ ನೋಟೇ ಇಲ್ಲ. ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಒಂದು ನೂರರ ನೋಟು ನನ್ನ ಕಡೆ ಚಾಚಿ, 'ಚಿಲ್ಲರೆ ಕೊಡಿ' ಅಂದ. ಹತ್ತು ಹತ್ತರ ನೋಟು ಎಣಿಸಿ ಕೊಟ್ಟೆ. ಆರು ನನಗೆ ಕೊಟ್ಟ. ಇನ್ನು ಏಳು ರೂಪಾಯಿ, ಕೈಯಲ್ಲಿ ಇರುವುದು ಮೂರೇ. ಈ ಸಲ ಯೋಚನೆ ಮಾಡಲಿಲ್ಲ, ಒಂದು ಹತ್ತರ ನೋಟು ಮುರಿಸಿದ. ಉಳಿದದ್ದನ್ನು ಚಾಪೆ ಮೇಲೆ ಜೋಡಿಸಿ ಎಣಿಸಿದ. ಎರಡು ನೂರು, ಮೂರು ಹತ್ತು, ಆರು ರೂಪಾಯಿ.

ದುಡ್ಡು ನೋಡಿದ, ಪುಸ್ತಕ ನೋಡಿದ. ಮತ್ತೆ ದುಡ್ಡು ನೋಡಿದ. ರಬ್ಬರ್ ತಗೊಂಡು ಅಳಿಸಲು ಹೋದ. ನಾನು ಬೇಡ ಅಂದೆ. ಅದು ಹಾಗೇ ಇರಲಿ, ಪಕ್ಕದಲ್ಲಿ ಇನ್ನೊಮ್ಮೆ ಮಾಡು ಅಂದೆ.

ಯಾಕೆ ಬೇಡ ಅಂದೆ ಅನ್ನುವುದೇ ನಾನು ಇವತ್ತು ಹೇಳಬೇಕಾದ ಮಾತು.

ನನ್ನ ಮಗ ಐದನೇ ಕ್ಲಾಸಿನಲ್ಲಿದ್ದಾಗ ನಾನು ದಿನಾ ಅವನ ಹೋಂವರ್ಕ್ ತಿದ್ದುತ್ತಿದ್ದೆ. ತಪ್ಪಿದ್ದರೆ ಅಳಿಸಿ, ಸರಿ ಉತ್ತರ ಹೇಳಿ ಬರೆಸುತ್ತಿದ್ದೆ. ಒಂದು ತಪ್ಪೂ ಇಲ್ಲದ ಪುಸ್ತಕ ಕಳಿಸುವುದೇ ಒಳ್ಳೆಯ ತಾಯಿಯ ಕೆಲಸ ಅಂದುಕೊಂಡಿದ್ದೆ. ಪುಟದ ತುಂಬ ಕೆಂಪು ರೈಟ್ ಮಾರ್ಕು, ಕೊನೆಗೆ 'ಗುಡ್'. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಭಿನ್ನರಾಶಿಯ ಒಂದು ಲೆಕ್ಕವೂ ಅವನಿಗೆ ಬರಲಿಲ್ಲ. ಅವನ ಟೀಚರ್ ನನ್ನನ್ನು ಕರೆಸಿ, 'ಮನೆಯಲ್ಲಿ ಎಲ್ಲ ಸರಿಯಾಗಿ ಮಾಡಿಕೊಂಡು ಬರ್ತಾನಲ್ಲ, ಇಲ್ಲಿ ಯಾಕೆ ಹೀಗೆ?' ಅಂತ ಕೇಳಿದರು. ಅವರದು ನಿಜವಾದ ಪ್ರಶ್ನೆ. ಅವನಿಗೆ ಬರುವುದಿಲ್ಲ ಅಂತ ಅವರಿಗೆ ಗೊತ್ತಾಗುವ ದಾರಿಯನ್ನೇ ನಾನು ಮುಚ್ಚಿದ್ದೆ. ಮಗು ಪಕ್ಕದ ಚೇರಿನಲ್ಲಿ ತಲೆ ತಗ್ಗಿಸಿಕೊಂಡು ಕೂತಿತ್ತು. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಹೋಂವರ್ಕ್ ಕೊಡುವುದು ಮಗುವಿಗೆ ಏನು ಬರುತ್ತೆ, ಏನು ಬರಲ್ಲ ಅಂತ ಗೊತ್ತಾಗಲಿ ಅಂತ. ತಿದ್ದಿ ಕಳಿಸಿದರೆ ಟೀಚರಿಗೆ ಸಿಗುವುದು ಅಮ್ಮನ ಲೆಕ್ಕ. ಥರ್ಮಕೋಲ್ ಪ್ರಾಜೆಕ್ಟುಗಳದ್ದೂ ಇದೇ ಕತೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿದ ಸೌರಮಂಡಲವನ್ನು ಹೊತ್ತುಕೊಂಡು ಹೋಗುವ ಮಗುವಿಗೆ ಅದರಿಂದ ಏನು ಸಿಕ್ಕ ಹಾಗಾಯಿತು? ವಕ್ರವಾಗಿದ್ದರೂ ಪರವಾಗಿಲ್ಲ, ಅದೇ ಮಾಡಲಿ.

ಎಷ್ಟೋ ತಾಯಂದಿರು ನನ್ನ ಹತ್ತಿರ ಹೇಳುವುದು ಒಂದೇ ಮಾತು. 'ನಾವು ಕನ್ನಡ ಮೀಡಿಯಂ, ಮಕ್ಕಳದು ಇಂಗ್ಲಿಷ್ ಮೀಡಿಯಂ. ನಮಗೇನೂ ಗೊತ್ತಾಗಲ್ಲ, ಹೇಗೆ ಹೇಳಿಕೊಡೋದು?' ನಾನು ಅವರಿಗೆ ಹೇಳುವುದು, ನಿಮ್ಮ ಕನ್ನಡವೇ ಇಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತೆ ಅಂತ. ನಮ್ಮ ಜಗಲಿಗೆ ಬರುವ ಐದನೇ ಕ್ಲಾಸಿನ ಒಂದು ಹುಡುಗಿ ಇದ್ದಾಳೆ. ಮಗ್ಗಿ ನೀರು ಕುಡಿದ ಹಾಗೆ ಹೇಳುತ್ತಾಳೆ. ಏಳೆಂಟ್ಲಿ ಅಂದರೆ ಐವತ್ತಾರು ಅನ್ನುವಷ್ಟರಲ್ಲಿ ಮುಂದಿನದ್ದಕ್ಕೆ ಹೋಗಿರುತ್ತಾಳೆ. ಆದರೆ ವಾಕ್ಯದ ಲೆಕ್ಕ ಬಂದರೆ ಎಲ್ಲ ತಪ್ಪು. ಪ್ರಶ್ನೆಯಲ್ಲಿ 'ಮೋರ್' ಅಂತ ಕಂಡರೆ ಕೂಡಿಸಿಬಿಡುತ್ತಾಳೆ. ರಾಮು ಹತ್ತಿರ 45 ಗೋಲಿ, ಸೋಮು ಹತ್ತಿರ 28, 'ಹೌ ಮೆನಿ ಮೋರ್' ಅಂತ ಕೇಳಿದರೆ 73 ಅನ್ನುತ್ತಾಳೆ. ಇದನ್ನು ಕನ್ನಡದಲ್ಲಿ ನಿನ್ನ ಮಾತಲ್ಲೇ ಹೇಳು ಅಂದೆ. 'ರಾಮು ಹತ್ತಿರ ಸೋಮುಗಿಂತ ಎಷ್ಟು ಜಾಸ್ತಿ ಇದೆ ಅಂತ' ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡು 17 ಅಂತ ಬರೆದಳು. ನಾನು ಲೆಕ್ಕ ಹೇಳಿಕೊಡಲೇ ಇಲ್ಲ. ಪ್ರಶ್ನೆಯನ್ನು ಮನೆಮಾತಿನಲ್ಲಿ ಹೇಳಿಸುವುದಕ್ಕೆ ಯಾವ ಡಿಗ್ರಿ ಬೇಕು ಹೇಳಿ?

ಇನ್ನು ಪ್ರಶ್ನೋತ್ತರ ಬರೆಯುವುದು. ಗೈಡ್ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಪದ ನೋಡಿ ನೋಡಿ ಇಳಿಸುತ್ತಾರೆ. ಕೈ ನೋಯುತ್ತೆ, ತಲೆಗೆ ಏನೂ ಹೋಗಲ್ಲ. ನಮ್ಮ ಜಗಲಿಯಲ್ಲಿ ಒಂದೇ ರೂಲ್ ಇದೆ. ಪಾಠ ಓದು, ಪುಸ್ತಕ ಮುಚ್ಚು, ಬಾಯಲ್ಲಿ ಹೇಳು, ಆಮೇಲೆ ಬರೆ. ಮರೆತರೆ ತೆಗೆದು ನೋಡು, ಮತ್ತೆ ಮುಚ್ಚು. ಮೊದಮೊದಲು ಮಕ್ಕಳು ಗೊಣಗಿದರು, ಇದು ಕಷ್ಟ ಅಂದರು. ಹೌದು, ಕಷ್ಟವೇ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಓದಿ, ನೋಡದೆ ನೆನಪು ಮಾಡಿಕೊಂಡು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪು ಮಾಡಿಕೊಂಡು ಬರೆದವರಿಗೆ ಜಾಸ್ತಿ ನೆನಪಿತ್ತು. ನಾಳೆ ಬೆಳಿಗ್ಗೆ ಟೀಚರ್ ಕೇಳುವ ಪ್ರಶ್ನೆಗೆ ಅಷ್ಟೇ ಓದಬೇಕೋ, ಮಾರ್ಚ್‌ವರೆಗೂ ನೆನಪಿರಬೇಕೋ ಅನ್ನುವುದನ್ನು ನಾವೇ ಯೋಚನೆ ಮಾಡಬೇಕು.

ಆ ಹುಡುಗನ ಅಮ್ಮ ಇದನ್ನು ಯಾವ ಸಂಶೋಧನೆಯನ್ನೂ ಓದದೆ ಮಾಡುತ್ತಾರೆ. ಅವರು ಓದಿದ್ದು ಏಳನೇ ಕ್ಲಾಸು. ಒಂದು ಭಾನುವಾರ ಅವರ ಅಂಗಡಿಗೆ ಹೋಗಿದ್ದೆ. ಅವರು ಸೇವಂತಿಗೆ ಕಟ್ಟುತ್ತಿದ್ದರು, ಮಗ ಸ್ಟೂಲ್ ಮೇಲೆ ಕೂತು ಗಿಡದ ಪಾಠ ಹೇಳುತ್ತಿದ್ದ. ಬೇರು ನೀರು ಎಳೆಯುತ್ತೆ ಅಂದ. 'ಆಮೇಲೆ?' ಅಂದರು, ಕೈ ನಿಲ್ಲಿಸದೆ. ನೀರು ಕಾಂಡದಲ್ಲಿ ಮೇಲೆ ಹೋಗುತ್ತೆ. 'ಆಮೇಲೆ?' ಎಲೆಗೆ ಹೋಗುತ್ತೆ. 'ಹೋಗಿ ಏನು ಮಾಡುತ್ತೆ?' ಹುಡುಗ ಬಾಯಿ ತೆರೆದ, ಮುಚ್ಚಿದ. ಸ್ಟೂಲ್‌ನಿಂದ ಇಳಿದು ಬ್ಯಾಗಿನಿಂದ ಪುಸ್ತಕ ತೆಗೆದ. ಅವರು ಗದರಲಿಲ್ಲ, ಉತ್ತರ ಹೇಳಲೂ ಇಲ್ಲ. ಮುಂದಿನ ಮೊಳ ಕಟ್ಟಲು ಶುರು ಮಾಡಿದರು.

ಶಾಲೆಯವರಿಗೂ ಒಂದು ಮಾತು ಹೇಳಬೇಕು. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಹೋಂವರ್ಕ್ ಬಗ್ಗೆಯೂ ಸ್ಪಷ್ಟವಾಗಿ ಬರೆದಿದೆ. ಒಂದು ಮತ್ತು ಎರಡನೇ ಕ್ಲಾಸಿಗೆ ಹೋಂವರ್ಕ್ ಬೇಡ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ, ಒಂಬತ್ತರಿಂದ ಮೇಲೆ ದಿನಕ್ಕೆ 2 ಗಂಟೆ. ದಯವಿಟ್ಟು ಗಮನಿಸಿ, ಮೂರನೇ ಕ್ಲಾಸಿಗೆ 2 ಗಂಟೆ ಅಂದಿರುವುದು ವಾರಕ್ಕೆ. ನಮ್ಮ ಹುಡುಗನಿಗೆ ಅವತ್ತು ಲೆಕ್ಕದ ಜೊತೆ ಎರಡು ಪುಟ ಕಾಪಿ ರೈಟಿಂಗ್, ಇ.ವಿ.ಎಸ್. ಪ್ರಶ್ನೋತ್ತರ, ಹಿಂದಿ ಪದಗಳು ಐದೈದು ಸಲ. ಒಂದೇ ಸಂಜೆಗೆ ಎರಡು ಗಂಟೆ ಹತ್ತಿರ ಆಗುತ್ತೆ. ಎಂಟು ವರ್ಷದ ಮಗು ಅದು. ಆಡಬೇಡವಾ? ಇಷ್ಟು ಕೊಟ್ಟಾಗ ಮನೆಯವರು ತಾವೇ ಬರೆದು ಮುಗಿಸಿದರೆ ಅವರನ್ನು ಹೇಗೆ ಬೈಯುವುದು? ಆರು ಲೆಕ್ಕ ಕೊಟ್ಟು ಆರನ್ನೂ ಕೂತು ನೋಡುವುದು, ಇಪ್ಪತ್ತು ಕೊಟ್ಟು ಸುಮ್ನೆ ಸಹಿ ಹಾಕುವುದಕ್ಕಿಂತ ಎಷ್ಟೋ ಮೇಲು. ಒಂದು ಕ್ಲಾಸಿನಲ್ಲಿ ನಲವತ್ತು ಐವತ್ತು ಮಕ್ಕಳನ್ನು ನೋಡಿಕೊಳ್ಳುವ ಟೀಚರ ಕಷ್ಟ ನನಗೆ ಅರ್ಥವಾಗುತ್ತೆ. ಅದಕ್ಕೇ ಕಡಿಮೆ ಕೊಡಿ ಅನ್ನುತ್ತಿದ್ದೇನೆ.

ಮೊಬೈಲ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಗೊತ್ತಿರುವುದೇ. ಹೋಂವರ್ಕ್ ವಾಟ್ಸಾಪಿನಲ್ಲಿ ಬಂದರೆ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಫೋನ್ ಒಳಗಿಡಿ. ಈಗ ಲೆಕ್ಕದ ಫೋಟೋ ಹೊಡೆದರೆ ಹಂತ ಹಂತವಾಗಿ ಉತ್ತರ ಬರುತ್ತೆ. ಮಾಡಿ ಮುಗಿಸಿದ ಮೇಲೆ ತಾಳೆ ನೋಡಲು ಸರಿ. ಮೊದಲೇ ನೋಡಿದರೆ ಅದೂ ಒಂದು ಗೈಡೇ.

ಮೊನ್ನೆಯ ಲೆಕ್ಕಕ್ಕೆ ಬರುತ್ತೇನೆ. ಆರರಲ್ಲಿ ಮೂರನ್ನು ಅವನು ಪಕ್ಕದಲ್ಲಿ ಸರಿಯಾಗಿ ಮಾಡಿದ. ಅಷ್ಟರಲ್ಲಿ ಎಂಟು ಗಂಟೆ. ಆಕಳಿಸುತ್ತಿದ್ದ. ಸಾಕು ಅಂದೆ. ಅವನ ಡೈರಿಯಲ್ಲಿ ಅವನಮ್ಮನ ಹತ್ತಿರ ಹೀಗೆ ಬರೆಸಿದೆ: 'ಮೇಲೆ ಚಿಕ್ಕ ಅಂಕಿ ಇದ್ದಾಗ ಕಳೆಯುವುದು ಇವನಿಗೆ ಇನ್ನೂ ಪೂರ್ತಿ ಬಂದಿಲ್ಲ. ಮೂರು ಲೆಕ್ಕ ಮತ್ತೆ ಮಾಡಿದ್ದಾನೆ. ಮೂರು ಹಾಗೇ ಬಿಟ್ಟಿದ್ದೇವೆ. ದಯವಿಟ್ಟು ನೋಡಿ.' ಹುಡುಗನಿಗೆ ಭಯ. 'ತಪ್ಪು ಹಾಗೇ ಇದ್ರೆ ಮಿಸ್ ಬೈತಾರೆ' ಅಂತ ನಾಲ್ಕು ಸಲ ಅಂದ. ಬೈದರೆ ನಾನೇ ಬಂದು ಮಾತಾಡುತ್ತೇನೆ ಅಂತ ಹೇಳಿ ಕಳಿಸಿದೆ.

ಮಿಸ್ ಬೈಯಲಿಲ್ಲವಂತೆ. ಡೈರಿ ಓದಿ ಎಲ್ಲರ ಪುಸ್ತಕ ತೆಗೆಸಿ ನೋಡಿದರಂತೆ. ಇನ್ನೂ ಒಂಬತ್ತು ಮಕ್ಕಳು ಹಾಗೇ ಮಾಡಿದ್ದರಂತೆ. ಅವತ್ತು ಹೊಸ ಪಾಠ ಬಿಟ್ಟು ಬೋರ್ಡ್ ಮೇಲೆ ಅದನ್ನೇ ಮತ್ತೆ ಹೇಳಿಕೊಟ್ಟರಂತೆ. ಸಂಜೆ ಬಂದವನು ಬ್ಯಾಗು ಇಳಿಸುವ ಮೊದಲೇ ಇಷ್ಟೂ ಹೇಳಿ, 'ಆಂಟಿ, ಚಿಲ್ಲರೆ ಡಬ್ಬಿ ತರ್ತೀರಾ? ಇವತ್ತು ಸಾವಿರದ್ದು ಕೊಟ್ಟಿದ್ದಾರೆ' ಅಂದ.