ರೈಟ್ ರೈಟ್!

ಸುಡುಬಿಸಿಲಲ್ಲಿ ವೈಪರ್ ಆಡಿಸಿಕೊಂಡು ತಿರುವು ತೆಗೆದುಕೊಳ್ಳುವ ಬಿಳಿ ಪುಟಾಣಿ ಟ್ರಕ್ ಅಮೆರಿಕದ ರಸ್ತೆಯಲ್ಲಿ ಎಲ್ಲಾದರೂ ಕಂಡರೆ ಒಂದು ಕೈ ಬೀಸಿ. ಒಳಗಿರುವವನು ನಾನೇ ಇರಬಹುದು.

ಗಾಡಿ 1996ರ ಸುಝುಕಿ ಕ್ಯಾರಿ. ಜಪಾನಿನಲ್ಲಿ 'ಕೇ ಟ್ರಕ್' ಅನ್ನುವ ಜಾತಿ. ಎಂಜಿನ್ 660 ಸಿಸಿ ಮೀರುವಂತಿಲ್ಲ, ಹೊರೆ 350 ಕಿಲೋ ದಾಟುವಂತಿಲ್ಲ. ಇಲ್ಲಿನ ಸುರಕ್ಷತಾ ನಿಯಮಕ್ಕೆ ಒಗ್ಗದ ಇಂಥ ಗಾಡಿಗೆ 25 ವರ್ಷ ತುಂಬಿದ ಮೇಲಷ್ಟೇ ಅಮೆರಿಕಕ್ಕೆ ಪ್ರವೇಶ. ನಮ್ಮಲ್ಲಿ ಮದುವೆ ಗಂಡಿಗೂ 21 ಸಾಕು. ಬಂದ ಮೇಲೂ ಕೆಲವು ರಾಜ್ಯಗಳು ರಿಜಿಸ್ಟ್ರೇಷನ್‌ಗೆ ತಕರಾರು ತೆಗೆಯುತ್ತವೆ. ಉದ್ದ ಮೂರು ಮೀಟರ್ ಚಿಲ್ಲರೆ, ಅಗಲ 1.4 ಮೀಟರ್. ಪಕ್ಕದ ಮನೆಯವರ ಪಿಕಪ್ ಹತ್ತಿರ ನಿಲ್ಲಿಸಿದರೆ ಅದು ಈಗಷ್ಟೇ ಹಾಕಿದ ಕರುವಿನ ಹಾಗೆ ಕಾಣುತ್ತದೆ.

ನನಗೆ ಇದರ ಮೇಲೆ ಮನಸ್ಸಾಗಿದ್ದಕ್ಕೆ ಕಾರಣ ಬೇರೆ. 1984ರಲ್ಲಿ ಬಂದ ನಮ್ಮ ಮಾರುತಿ ವ್ಯಾನ್, ಅಂದರೆ ಆಮೇಲಿನ ಓಮ್ನಿ, ಇದೇ ಕ್ಯಾರಿ ವಂಶದ್ದು. ಡ್ರೈವಿಂಗ್ ಕಲಿತದ್ದು ಅದರಲ್ಲೇ. ಸೀಟು ಎತ್ತಿದರೆ ಎಂಜಿನ್. ಚಳಿಗಾಲದಲ್ಲಿ ಸುಖ, ಬೇಸಿಗೆಯಲ್ಲಿ ಕಾವಲಿ ಮೇಲಿನ ದೋಸೆಯ ಪಾಡು.

ಊರಲ್ಲಿ ಬಲಗಡೆ ಕೂತು ಎಡಗಡೆ ಓಡಿಸಿದೆ. ಇಲ್ಲಿಗೆ ಬಂದು ಎಡಗಡೆ ಕೂತು ಬಲಗಡೆ ಓಡಿಸಿದೆ. ಈಗ ಕೂರುವುದೂ ಬಲಕ್ಕೆ, ಓಡಿಸುವುದೂ ಬಲಕ್ಕೆ. ಇದರ ಇಂಡಿಕೇಟರ್ ಕಡ್ಡಿ ಬಲಗೈಗೆ, ವೈಪರ್ ಎಡಗೈಗೆ. ಹದಿನೈದು ವರ್ಷ ಎಡಗೈಯಲ್ಲೇ ಇಂಡಿಕೇಟರ್ ಹಾಕಿದವನಿಗೆ ಅದು ನೆನಪಾಗುವುದು ಗಾಜು ಕರ್ ಕರ್ ಅಂದ ಮೇಲೆ.

ಮೊದಲ ದಿನದ ಕಥೆ ಹೇಳಬಾರದು, ಹೇಳಿಬಿಡುತ್ತೇನೆ. ಬೋರ್ಡಿನಲ್ಲಿ 35 ಅಂತಿತ್ತು. ನಾನೂ ಮುಳ್ಳನ್ನು 35ಕ್ಕೆ ಕಟ್ಟಿಹಾಕಿ ಶಿಸ್ತಾಗಿ ಹೊರಟೆ. ಹಿಂದೆ ಜಾತ್ರೆಯಷ್ಟು ಕಾರು. ಬೋರ್ಡು ಮೈಲಿಯಲ್ಲಿ, ನನ್ನ ಮೀಟರು ಕಿಲೋಮೀಟರಿನಲ್ಲಿ. ಕಿಲೋಮೀಟರಿನ ದೇಶದಲ್ಲೇ ಹುಟ್ಟಿ ಬೆಳೆದವನಿಗೆ ಇದು ಹೊಳೆಯಲು ಮೂರು ಸಿಗ್ನಲ್ ಬೇಕಾಯಿತು. ಅಂದಹಾಗೆ, 55 ಮೈಲಿ ಮುಟ್ಟಿಸಿದರೆ ಸೀಟಿನಡಿಯಲ್ಲಿ ಮಿಕ್ಸಿಗೆ ಒಣಕೊಬ್ಬರಿ ಹಾಕಿದ ಸದ್ದು. ಹೆದ್ದಾರಿಯ ಆಸೆ ಅಲ್ಲಿಗೇ ಬಿಟ್ಟೆ.

ದೊಡ್ಡ ಕಷ್ಟ ಎಡಕ್ಕೆ ತಿರುಗುವಾಗ. ಎಡದಿಂದ ಬರುವ ಗಾಡಿಯನ್ನು ಹೆಂಡತಿಯ ಮುಖ ದಾಟಿ ನೋಡಬೇಕು. ಮೊನ್ನೆ ಅವಳೇ ಆ ಕೆಲಸ ವಹಿಸಿಕೊಂಡಳು. ಕತ್ತು ಹೊರಗೆ ಹಾಕಿ, ಬಾಗಿಲಿಗೆ ಎರಡು ಸಲ ಬಡಿದು, "ರೈಟ್, ರೈಟ್!" ಅಂದಳು.

ನಾನು ರೈಟಿಗೆ ತಿರುಗಿಸಿದೆ.

"ರೀ, ಎಲ್ಲಿಗೆ ಹೊರಟಿರಿ?"

"ನೀನೇ ಅಂದೆಯಲ್ಲೇ, ರೈಟ್ ಅಂತ!"

"ಅಯ್ಯೋ, ಹೊರಡಿ ಅಂತ ಕಣ್ರೀ! ಕಂಡಕ್ಟರ್ ರೈಟ್ ಅಂದರೆ ಡ್ರೈವರ್ ಬಲಕ್ಕೆ ತಿರುಗಿಸ್ತಾನಾ?"

ಉತ್ತರ ಹುಡುಕುವಷ್ಟರಲ್ಲಿ ಗಾಡಿ ಒಂದು ಕಾಫಿ ಅಂಗಡಿಯ ಡ್ರೈವ್-ಥ್ರೂ ಸಾಲಿಗೆ ನುಗ್ಗಿತ್ತು. ಹಿಂದೆ ಎರಡು ಕಾರು, ವಾಪಸ್ ಬರುವ ಹಾಗಿಲ್ಲ. ಕಿಟಕಿ ಎಡಕ್ಕೆ. ಒಬ್ಬನೇ ಬಂದಾಗ ಇಲ್ಲಿ ಗೇರ್ ಮೇಲೆ ಹೊಟ್ಟೆ ಊರಿ, ಆ ಬದಿಯ ಗಾಜು ಇಳಿಸಲು ಹ್ಯಾಂಡಲ್ ತಿರುಗಿಸುತ್ತಾ ಕಾರ್ಡ್ ಚಾಚಿದ್ದುಂಟು. ಅವತ್ತು ಅವಳು ಮಹಾರಾಣಿಯಂತೆ ಗಾಜು ಇಳಿಸಿ ಎರಡು ಕಾಫಿ ಹೇಳಿದಳು. ದುಡ್ಡೂ ಅವಳೇ ಕೊಟ್ಟಳು. ನನ್ನ ಪರ್ಸು ತೆಗೆಯಲು ಜಾಗ ಇರಲಿಲ್ಲ, ನಾನೂ ಬಹಳ ಪ್ರಯತ್ನಪಡಲಿಲ್ಲ.

ಒಳಗಿನ ಹುಡುಗಿ ಎರಡು ಲೋಟ ಕೊಟ್ಟು, "ಹುಷಾರಾಗಿ ಓಡಿಸಿ" ಅಂದಳು, ಇವಳಿಗೆ. ಇವಳು ಎರಡೂ ಕೈಯಲ್ಲಿ ಲೋಟ ಹಿಡಿದು ತಲೆಯಾಡಿಸಿದಳು. ಗಾಡಿ ತಾನಾಗಿಯೇ ಹೊರಟಿತು. ಹುಡುಗಿ ಬಾಯಿ ಬಿಟ್ಟುಕೊಂಡೇ ಕೈ ಬೀಸಿದಳು. ಇವಳ ಕೈ ಖಾಲಿ ಇರಲಿಲ್ಲ.

ನಾನು ಇಂಡಿಕೇಟರ್ ಹಾಕಿದೆ. ವೈಪರ್ ತಿರುಗಿ ಕೈ ಬೀಸಿತು.