ಮದುವೆಯಾಗುವವರು ಹಿಂದೆ ಬ್ಯಾಂಕ್ರಪ್ಸಿ ಹಾಕಿದ್ದರೆ: ಅಮೆರಿಕದಲ್ಲಿರುವವರ ಗಮನಕ್ಕೆ

ಮೊದಲು ಹೆದರಿಕೆಯ ಮಾತು ಮುಗಿಸಿಬಿಡೋಣ. ಅಮೆರಿಕದಲ್ಲಿ ಮದುವೆಯಾದ ಮಾತ್ರಕ್ಕೆ ಯಾರ ಕ್ರೆಡಿಟ್ ಸ್ಕೋರೂ ಒಂದು ಪಾಯಿಂಟ್ ಇಳಿಯುವುದಿಲ್ಲ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ ಫೈಲ್ ಇರುವುದು ಒಬ್ಬೊಬ್ಬರ ಹೆಸರಲ್ಲಿ. ಗಂಡ-ಹೆಂಡತಿಗೆ ಜಂಟಿ ರಿಪೋರ್ಟ್ ಅನ್ನುವುದೇ ಇಲ್ಲ. ಸಂಗಾತಿಯ ಚಾಪ್ಟರ್ 7 (ಇರುವ ಆಸ್ತಿಯಿಂದ ಆದಷ್ಟು ತೀರಿಸಿ ಉಳಿದ ಸಾಲದಿಂದ ಬಿಡುಗಡೆ ಪಡೆಯುವ ಬ್ಯಾಂಕ್ರಪ್ಸಿ) ಫೈಲ್ ಮಾಡಿದ ದಿನದಿಂದ 10 ವರ್ಷ ಅವರ ರಿಪೋರ್ಟಿನಲ್ಲಿ ಇರುತ್ತದೆ, ಚಾಪ್ಟರ್ 13 (ಕೋರ್ಟ್ ಒಪ್ಪಿದ ಪ್ಲ್ಯಾನಿನಂತೆ ಕಂತುಗಳಲ್ಲಿ ತೀರಿಸುವ ಬ್ಯಾಂಕ್ರಪ್ಸಿ) ಸಾಮಾನ್ಯವಾಗಿ 7 ವರ್ಷಕ್ಕೆ ಅಳಿಸಿಹೋಗುತ್ತದೆ. ನೀವು ಸರ್‌ನೇಮ್ ಬದಲಾಯಿಸಿಕೊಂಡರೂ, ಒಂದೇ ವಿಳಾಸಕ್ಕೆ ಬಂದರೂ ಅದು ನಿಮ್ಮ ಕಡೆಗೆ ದಾಟುವುದಿಲ್ಲ.

ದಾಟುವುದು ಬಹುಪಾಲು ನಿಮ್ಮ ಸಹಿಯ ಮೂಲಕ. ಮದುವೆಗೆ ಮುಂಚೆಯೇ ಅವರ ಕಾರ್ ಲೋನಿಗೆ ಕೋಸೈನ್ ಮಾಡಿದ್ದೀರಿ, ಅಂದರೆ ಜೊತೆಗೆ ಸಹಿ ಹಾಕಿ ಹೊಣೆ ಹೊತ್ತಿದ್ದೀರಿ ಎಂದುಕೊಳ್ಳಿ. ಅವರು ಚಾಪ್ಟರ್ 7 ಹಾಕಿ ಡಿಸ್ಚಾರ್ಜ್ (ಸಾಲದಿಂದ ಕೋರ್ಟಿನ ಬಿಡುಗಡೆ) ಪಡೆದರೆ ಹೋಗುವುದು ಅವರ ಹೊಣೆ ಮಾತ್ರ, ಪೂರ್ತಿ ಬಾಕಿ ನಿಮ್ಮ ತಲೆಗೆ ಬರುತ್ತದೆ. ಚಾಪ್ಟರ್ 13ರಲ್ಲಿ ಮನೆಬಳಕೆಯ ಸಾಲಗಳಿಗೆ ಕೋಸೈನರ್ ಬೆನ್ನು ಹತ್ತದಂತೆ ತಡೆ ಇದೆ, ಅದೂ ಕೇಸ್ ನಡೆಯುವಷ್ಟು ದಿನ ಮಾತ್ರ. ಪ್ಲ್ಯಾನಿನಲ್ಲಿ ತೀರದೆ ಉಳಿದದ್ದನ್ನು ಆಮೇಲೆ ನಿಮ್ಮಿಂದ ಕೇಳಬಹುದು.

ನಿಜವಾದ ಪೆಟ್ಟು ಬೀಳುವುದು ಮನೆ ಕೊಳ್ಳುವಾಗ. ಇಬ್ಬರೂ ಸೇರಿ ಮಾರ್ಟ್‌ಗೇಜ್ ಕೇಳಿದರೆ ಲೆಂಡರ್ ಒಬ್ಬೊಬ್ಬರದೂ ಮೂರು ಸ್ಕೋರ್ ತೆಗೆದು ಮಧ್ಯದ್ದನ್ನು ಹಿಡಿಯುತ್ತಾನೆ. ನಿಮ್ಮವು 741, 752, 764 ಆದರೆ ನಿಮ್ಮ ಲೆಕ್ಕ 752. ಅವರವು 598, 620, 631 ಆದರೆ 620. ಸಾಮಾನ್ಯವಾಗಿ ಬಡ್ಡಿದರ ನಿಲ್ಲುವುದು ಆ 620ರ ಮೇಲೆ. ನಿಮ್ಮ 752 ಅಲ್ಲಿ ಲೆಕ್ಕಕ್ಕಿಲ್ಲ!

ಸ್ಕೋರ್ ಚೇತರಿಸಿಕೊಂಡಿದ್ದರೂ ಕಾಯುವ ಅವಧಿ ಬೇರೆ ಇದೆ. ಎಫ್‌ಎಚ್‌ಎ ಲೋನಿಗೆ (ಸರ್ಕಾರದ ವಿಮೆ ಇರುವ ಮನೆಸಾಲ) ಚಾಪ್ಟರ್ 7 ಡಿಸ್ಚಾರ್ಜ್ ಆದಮೇಲೆ 2 ವರ್ಷ, ಫ್ಯಾನಿ ಮೇ (ಲೆಂಡರ್‌ಗಳಿಂದ ಮನೆಸಾಲ ಕೊಳ್ಳುವ ಸಂಸ್ಥೆ) ನಿಯಮದ ಲೋನಿಗೆ 4 ವರ್ಷ. ಚಾಪ್ಟರ್ 13 ಆದರೆ ಫ್ಯಾನಿ ಮೇಗೆ ಡಿಸ್ಚಾರ್ಜಿನಿಂದ 2 ವರ್ಷ, ಕೇಸ್ ಅರ್ಧಕ್ಕೆ ಡಿಸ್ಮಿಸ್ ಆಗಿದ್ದರೆ 4. ಇಲ್ಲಿ ಎಡವುವವರು ಬಹಳ. ರಿಪೋರ್ಟಿನ 10 ವರ್ಷ ಎಣಿಸುವುದು ಫೈಲ್ ಮಾಡಿದ ದಿನದಿಂದ, ಲೋನಿನ ಗಡುವು ಎಣಿಸುವುದು ಡಿಸ್ಚಾರ್ಜ್ ಅಥವಾ ಡಿಸ್ಮಿಸ್ ಆದ ದಿನದಿಂದ. ಚಾಪ್ಟರ್ 7ರಲ್ಲಿ ಇವೆರಡರ ನಡುವೆ ಸುಮಾರು 4 ತಿಂಗಳಾದರೆ, ಚಾಪ್ಟರ್ 13ರಲ್ಲಿ 3ರಿಂದ 5 ವರ್ಷ.

ಒಬ್ಬರ ಸಂಬಳದಲ್ಲೇ ಕಂತು ನಡೆಯುವುದಾದರೆ ಅರ್ಜಿಯೂ ಒಬ್ಬರ ಹೆಸರಲ್ಲೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. "ಹಾಗಾದರೆ ಮನೆಯಲ್ಲಿ ನನಗೆ ಪಾಲಿಲ್ಲವಾ" ಎಂಬ ಜಗಳ ಬೇಡ. ಸಾಲ ತೀರಿಸುತ್ತೇನೆಂದು ಬರೆದುಕೊಡುವ ನೋಟ್ ಬೇರೆ, ಮನೆಯ ಒಡೆತನದ ಡೀಡ್ ಬೇರೆ. ನೋಟಿನಲ್ಲಿ ಒಬ್ಬರು, ಡೀಡಿನಲ್ಲಿ ಇಬ್ಬರು ಇರಬಹುದು. ಆಮೇಲೆ ಹೆಸರು ಸೇರಿಸಿದರೂ, ನೀವೇ ವಾಸವಿರುವ ಮನೆಯಾದರೆ, ಆ ಕಾರಣಕ್ಕೆ ಪೂರ್ತಿ ಸಾಲ ಕೂಡಲೇ ಕಟ್ಟಿ ಎಂದು ಲೆಂಡರ್ ಕೇಳುವಂತಿಲ್ಲ. 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯ್ದೆ ಸಂಗಾತಿಗೆ ಆ ರಕ್ಷಣೆ ಕೊಟ್ಟಿದೆ. ಹಾಗೆಯೇ, ನೀವೊಬ್ಬರೇ ಅರ್ಹರಾಗಿದ್ದಾಗ ಲೋನಿಗೆ ಸಂಗಾತಿಯ ಸಹಿಯೂ ಬೇಕು ಎಂದು ಲೆಂಡರ್ ಹಟ ಹಿಡಿಯುವುದಕ್ಕೂ ಕಾನೂನಿನ ಒಪ್ಪಿಗೆಯಿಲ್ಲ. ಅಡ ಇಡುವ ಮನೆಯ ಕಾಗದಕ್ಕೆ ಸಹಿ ಕೇಳಿದರೆ ಅದು ಬೇರೆ ವಿಷಯ.

ಇದೆಲ್ಲ ಕಮ್ಯುನಿಟಿ ಪ್ರಾಪರ್ಟಿ ರಾಜ್ಯಗಳಲ್ಲಿ, ಅಂದರೆ ಮದುವೆಯ ನಂತರದ ಗಳಿಕೆಯನ್ನು ಸಾಮಾನ್ಯವಾಗಿ ಇಬ್ಬರ ಜಂಟಿ ಆಸ್ತಿಯೆಂದು ನೋಡುವ ರಾಜ್ಯಗಳಲ್ಲಿ, ಸ್ವಲ್ಪ ತೊಡಕು. ಅವು ಒಂಬತ್ತು: ಅರಿಜೋನಾ, ಕ್ಯಾಲಿಫೋರ್ನಿಯಾ, ಐಡಹೋ, ಲೂಸಿಯಾನಾ, ನೆವಾಡಾ, ನ್ಯೂ ಮೆಕ್ಸಿಕೋ, ಟೆಕ್ಸಸ್, ವಾಷಿಂಗ್ಟನ್, ವಿಸ್ಕಾನ್ಸಿನ್. ನಮ್ಮವರು ಹೆಚ್ಚಿರುವ ಬೇ ಏರಿಯಾ, ಡಲ್ಲಾಸ್, ಸಿಯಾಟಲ್, ಫೀನಿಕ್ಸ್ ಎಲ್ಲ ಇದರೊಳಗೇ ಬರುತ್ತವೆ. ಈ ರಾಜ್ಯಗಳಲ್ಲಿ ನೀವೊಬ್ಬರೇ ಎಫ್‌ಎಚ್‌ಎ ಲೋನ್ ಕೇಳಿದರೂ ಸಂಗಾತಿಯ ರಿಪೋರ್ಟ್ ತರಿಸುತ್ತಾರೆ. ಅವರ ಸ್ಕೋರ್ ನೋಡಿ ನಿಮಗೆ ಇಲ್ಲ ಅನ್ನುವುದಿಲ್ಲ, ಆದರೆ ಅವರ ಉಳಿದ ಸಾಲಗಳ ಕಂತನ್ನು ನಿಮ್ಮ ಸಾಲದ ಅನುಪಾತಕ್ಕೆ (ಆದಾಯದಲ್ಲಿ ಕಂತುಗಳಿಗೆ ಹೋಗುವ ಪಾಲು) ಸೇರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮದುವೆಗೆ ಮುಂಚಿನ ಸಾಲಕ್ಕೂ ದಂಪತಿಯ ಜಂಟಿ ಆಸ್ತಿ ಹೊಣೆ. ನಿಮ್ಮ ಸಂಬಳ ಉಳಿಯಬೇಕೆಂದರೆ ಅದು ನಿಮ್ಮೊಬ್ಬರ ಖಾತೆಗೇ ಬೀಳಬೇಕು, ಸಂಗಾತಿಗೆ ಅದರಿಂದ ಹಣ ತೆಗೆಯುವ ಹಕ್ಕಿರಬಾರದು, ಬೇರೆ ಜಂಟಿ ಹಣ ಅದರೊಳಗೆ ಬೆರೆಯಬಾರದು.

"ಸಾಲವೆಲ್ಲ ಬ್ಯಾಂಕ್ರಪ್ಸಿಯಲ್ಲಿ ಹೋಯಿತಲ್ಲ, ಇನ್ನೇನು ಉಳಿದಿದೆ?" ಎಲ್ಲವೂ ಹೋಗಿರುವುದಿಲ್ಲ. ಸ್ಟೂಡೆಂಟ್ ಲೋನ್, ಇತ್ತೀಚಿನ ವರ್ಷಗಳ ತೆರಿಗೆ, ಹಿಂದಿನ ಮದುವೆಯ ಮಕ್ಕಳ ಖರ್ಚು, ಜೀವನಾಂಶ ಇವು ಸಾಮಾನ್ಯವಾಗಿ ಉಳಿಯುತ್ತವೆ. ಕಾರ್ ಉಳಿಸಿಕೊಳ್ಳಲು ರೀಅಫರ್ಮ್ ಮಾಡಿದ್ದರೆ (ಸಾಲ ತೀರಿಸುತ್ತೇನೆಂದು ಮತ್ತೆ ಬರೆದುಕೊಟ್ಟಿದ್ದರೆ) ಆ ಸಾಲವೂ ಜೀವಂತ. ಆದ್ದರಿಂದ ಸ್ಕೋರ್ ಎಷ್ಟು ಎಂದು ಕೇಳುವುದಕ್ಕಿಂತ ಕಾಗದ ಕೇಳಿ: ಡಿಸ್ಚಾರ್ಜ್ ಆರ್ಡರ್, ಸಾಲ ಕೊಟ್ಟವರ ಪಟ್ಟಿ ಇರುವ ಶೆಡ್ಯೂಲ್ ಡಿ ಮತ್ತು ಇ/ಎಫ್, ರೀಅಫರ್ಮೇಷನ್ ಇದ್ದರೆ ಅದರ ಪ್ರತಿ. ಜಾತಕ ಕೇಳಲು ಸಂಕೋಚಪಡದವರು ಇದಕ್ಕೆ ಯಾಕೆ ಸಂಕೋಚಪಡಬೇಕೋ ನನಗೆ ತಿಳಿಯದು.

ತೆರಿಗೆ, ಮಕ್ಕಳ ಖರ್ಚು, ಸ್ಟೂಡೆಂಟ್ ಲೋನಿನಂಥ ಬಾಕಿ ಇದ್ದವರ ಜೊತೆ ಜಾಯಿಂಟ್ ಟ್ಯಾಕ್ಸ್ ರಿಟರ್ನ್ ಹಾಕಿದರೆ ರೀಫಂಡ್ ಪೂರ್ತಿ ಆ ಬಾಕಿಗೆ ಹೋಗಿಬಿಡಬಹುದು. ನಿಮ್ಮ ಪಾಲು ವಾಪಸ್ ಪಡೆಯಲು ಫಾರ್ಮ್ 8379 ಇದೆ, ರಿಟರ್ನ್ ಜೊತೆಗೇ ಸೇರಿಸಬಹುದು. ಇದನ್ನು 8857ರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಜಂಟಿ ರಿಟರ್ನಿನಲ್ಲಿ ಸಂಗಾತಿ ಮಾಡಿದ ತಪ್ಪಿನ ತೆರಿಗೆಯಿಂದ ಬಿಡುಗಡೆ ಕೇಳುವ ಫಾರ್ಮ್.

ಚಾಪ್ಟರ್ 13 ಇನ್ನೂ ನಡೆಯುತ್ತಿರುವಾಗಲೇ ಮದುವೆಯಾದರೆ ವಕೀಲರಿಗೆ ಮೊದಲೇ ತಿಳಿಸಬೇಕು. ನಿಮ್ಮ ಸಂಬಳ ಅವರ ಪ್ಲ್ಯಾನಿಗೆ ನೇರ ಹೋಗದಿದ್ದರೂ ಮನೆಖರ್ಚಿನ ಲೆಕ್ಕ ಬದಲಾಗುತ್ತದೆ, ಟ್ರಸ್ಟಿ (ಕೇಸ್ ನೋಡಿಕೊಳ್ಳಲು ನೇಮಕವಾದವರು) ಕಂತು ಏರಿಸಲು ಕೇಳಬಹುದು. ಅವರು ಹೊಸ ಸಾಲ ತೆಗೆಯಲು ಕೋರ್ಟಿನ ಅಥವಾ ಟ್ರಸ್ಟಿಯ ಅನುಮತಿ ಬೇಕು. ಇನ್ನೂ ಫೈಲ್ ಮಾಡಿಲ್ಲ, ಮಾಡುವುದೇ ಖಚಿತ ಅನ್ನುವವರು ಮದುವೆಗೆ ಮುಂಚೆಯೋ ನಂತರವೋ ಎಂದು ವಕೀಲರ ಬಳಿ ಕೂತು ಲೆಕ್ಕ ಹಾಕಿಸಿ. ಒಟ್ಟಿಗೆ ಬಾಳುವ ದಂಪತಿಯಾದರೆ ಚಾಪ್ಟರ್ 7ರ ಮೀನ್ಸ್ ಟೆಸ್ಟಿನಲ್ಲಿ (ಆದಾಯ ನೋಡಿ ಅರ್ಹತೆ ಅಳೆಯುವ ಲೆಕ್ಕ) ಇಬ್ಬರ ಆದಾಯವೂ ಬರುತ್ತದೆ.

ಅವರ ಸ್ಕೋರ್ ಮೇಲೆತ್ತಲು ನಿಮ್ಮ ಹಳೆಯ, ಬಾಕಿ ಕಡಿಮೆ ಇರುವ ಕಾರ್ಡಿಗೆ ಅವರನ್ನು ಆಥರೈಸ್ಡ್ ಯೂಸರ್ (ಖಾತೆ ನಿಮ್ಮದೇ, ಬಳಸಲು ಅನುಮತಿ ಮಾತ್ರ ಇರುವವರು) ಮಾಡಿ. ಕಾರ್ಡ್ ಕೈಗೆ ಕೊಡಲೇಬೇಕೆಂದಿಲ್ಲ, ಕೊಟ್ಟರೆ ಅವರು ಖರ್ಚು ಮಾಡಿದ್ದಕ್ಕೆ ಹೊಣೆ ನೀವೇ. ಜೊತೆಗೆ ಅವರ ಹೆಸರಲ್ಲೇ ಒಂದು ಸೆಕ್ಯೂರ್ಡ್ ಕಾರ್ಡ್ (ಮೊದಲೇ ಠೇವಣಿ ಇಟ್ಟು ಪಡೆಯುವ ಕ್ರೆಡಿಟ್ ಕಾರ್ಡ್) ಇರಲಿ: 200–300 ಡಾಲರ್ ಡಿಪಾಸಿಟ್, ತಿಂಗಳಿಗೆ ಒಂದು ಸಣ್ಣ ಬಿಲ್, ಪೂರ್ತಿ ಆಟೋಪೇ.

ಮನೆ ಹುಡುಕಲು ಶುರು ಮಾಡುವ ಎರಡು-ಮೂರು ತಿಂಗಳು ಮೊದಲು ಅವರ ಮೂರೂ ರಿಪೋರ್ಟ್ ತೆಗೆಸಿ ಸಾಲುಸಾಲಾಗಿ ಓದಿ. ಡಿಸ್ಚಾರ್ಜ್ ಆದ ಖಾತೆಯಲ್ಲಿ ಬ್ಯಾಲೆನ್ಸ್ 0 ಇರಬೇಕು. ಎಷ್ಟೋ ಕಡೆ ಇನ್ನೂ "ಚಾರ್ಜ್ಡ್ ಆಫ್" (ವಸೂಲಾಗದೆಂದು ನಷ್ಟಕ್ಕೆ ಬರೆದದ್ದು) ಎಂದು ಬಾಕಿ ಸಮೇತ ಕೂತಿರುತ್ತದೆ, ಲೆಂಡರ್ ಅದನ್ನು ಜೀವಂತ ಸಾಲವೆಂದೇ ಓದುತ್ತಾನೆ. ಡಿಸ್ಚಾರ್ಜ್ ಆರ್ಡರ್ ಲಗತ್ತಿಸಿ ತಪ್ಪಿರುವ ಪ್ರತಿ ಬ್ಯೂರೋಗೂ ಬೇರೆಬೇರೆಯಾಗಿ ಡಿಸ್ಪ್ಯೂಟ್ ಕಳಿಸಿ. ತನಿಖೆಗೆ ಬ್ಯೂರೋಗೆ ಸಾಮಾನ್ಯವಾಗಿ 30 ದಿನ, ಕೆಲವೊಮ್ಮೆ 45 ದಿನ ಸಮಯವಿದೆ.